ಚಿಗಳಿ ಗೂಡಲ್ಲಿ ಮೂರು ಥರದ ಇರುವೆ: ಎಲ್ಲಾ ಒಂದೇ ಜಾತಿನಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಶಿರಸಿ ಹತ್ತಿರ ಒಂದು ಹಳ್ಳಿ. ಮೊನ್ನೆ ಗಾಳಿಗೆ ಮಾವಿನ ಕೊಂಬೆ ಮುರಿದು, ಅದರ ಜೊತೆ ಒಂದು ಚಿಗಳಿ (ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ) ಗೂಡೂ ಬಿತ್ತು. ಎಲೆ ಬಿಚ್ಚಿಕೊಂಡ ಕಡೆ ನೋಡಿದರೆ ಕೆಂಪಿರುವೆ ಎರಡು ಅಳತೆಯವು. ಜೊತೆಗೆ ಹಸಿರು ಬಣ್ಣದ, ರೆಕ್ಕೆ ಇರುವ ದಪ್ಪ ಹುಳ ಏಳೆಂಟು. "ಸಣ್ಣವು ಮರಿ ಇರುವೆ, ಹಸಿರಿನವು ಬೇರೆ ಯಾವುದೋ ಹುಳ" ಅಂತಾಳೆ ಮಗಳು. ಹೌದಾ?

ಉತ್ತರ: ನಮಸ್ಕಾರ. ಮಗಳು ಇಷ್ಟು ಗಮನವಿಟ್ಟು ನೋಡಿದ್ದು ಬಹಳ ಖುಷಿ. ಆದರೆ ನೀವು ಕಂಡ ಮೂರೂ ಒಂದೇ ಜಾತಿ. ಹೆಚ್ಚುಕಡಿಮೆ ಎಲ್ಲಾ ಒಂದೇ ತಾಯಿಯ ಮಕ್ಕಳು. ವೈಜ್ಞಾನಿಕ ಹೆಸರು ಈಕೋಫಿಲ್ಲಾ ಸ್ಮರಾಗ್ಡಿನಾ.

ಮೊದಲು ಸಣ್ಣವುಗಳ ವಿಷಯ. ಅವು ಮರಿ ಅಲ್ಲ. ಇರುವೆ ಬೆಳೆಯುವುದೆಲ್ಲ ಬಿಳಿ ಹುಳುವಾಗಿದ್ದಾಗ. ಕಾಲು ಬಂದು ನಡೆಯಲು ಶುರು ಮಾಡಿದ ಮೇಲೆ ಒಂದು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. ದೊಡ್ಡ ಕೆಲಸಗಾರ ಇರುವೆ 8ರಿಂದ 10 ಮಿ.ಮೀ. ಉದ್ದ, ಸಣ್ಣದು ಸುಮಾರು ಅದರ ಅರ್ಧ. ನಡುವಿನ ಅಳತೆಯವು ಸಿಗುವುದೇ ಅಪರೂಪ. ಎರಡೂ ಹೆಣ್ಣೇ. ಸಣ್ಣವು ಜಾಸ್ತಿ ಹೊತ್ತು ಗೂಡೊಳಗೇ ಇದ್ದು ಮರಿಹುಳು ನೋಡಿಕೊಳ್ಳುತ್ತವೆ. ಬೇಟೆ, ಕಾವಲು, ಎಲೆ ಹೊಲಿಯುವುದು ಎಲ್ಲ ದೊಡ್ಡವುಗಳ ಪಾಲು.

ಒಂದು ಸತ್ತ ದೊಡ್ಡ ಇರುವೆಯನ್ನು ಬಿಳಿ ಹಾಳೆ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಕಾಲೂ ಮೀಸೆಯೂ ಮೈಗೆ ಹೋಲಿಸಿದರೆ ತುಂಬಾ ಉದ್ದ. ಕಣ್ಣು ದೊಡ್ಡದು. ದವಡೆ ತ್ರಿಕೋನ, ಅದರ ಅಂಚಿಗೆ ಗರಗಸದ ಹಾಗೆ ಸಾಲು ಹಲ್ಲು. ಎದೆಗೂ ಹೊಟ್ಟೆಗೂ ನಡುವೆ ಉದ್ದನೆಯ ತೆಳ್ಳಗಿನ ಸೊಂಟ, ಗಂಟು ಒಂದೇ. ಈ ಸೊಂಟದಿಂದಲೇ ಅದು ಸಿಟ್ಟು ಬಂದಾಗ ಹೊಟ್ಟೆಯನ್ನು ಬೆನ್ನಿನ ಮೇಲಕ್ಕೆ ಎತ್ತಿ ನಿಲ್ಲುವುದು. ಎರಡು ಎಲೆ ದೂರ ಇದ್ದಾಗ ಒಂದರ ಸೊಂಟ ಇನ್ನೊಂದು ಕಚ್ಚಿ ಹಿಡಿದು ಸರಪಳಿ ಕಟ್ಟುತ್ತವಲ್ಲ, ಅದಕ್ಕೂ ಇದೇ ಸೊಂಟ. ಹೊಟ್ಟೆಯ ತುದಿಯಲ್ಲಿ ಕೊಂಡಿ ಹುಡುಕಬೇಡಿ, ಇಲ್ಲ. ಕಚ್ಚಿ, ಆ ಗಾಯಕ್ಕೇ ಆಮ್ಲ ಚಿಮ್ಮಿಸುತ್ತವೆ. ಉರಿ ಅದರದ್ದು, ಚಿಗಳಿ ಚಟ್ನಿಯ ಹುಳಿಯೂ ಅದರದ್ದೇ.

ಇನ್ನು ಹಸಿರಿನವು. ಅವು ಮುಂದೆ ರಾಣಿಯಾಗಬೇಕಾದ ಹೆಣ್ಣುಗಳು. ದೊಡ್ಡ ಕೆಲಸಗಾರ ಇರುವೆಯ ಸುಮಾರು ಎರಡು ಪಟ್ಟು ಇರುತ್ತವೆ. ಎದೆ ಉಬ್ಬಿಕೊಂಡಿರುವುದು ಹಾರುವ ಸ್ನಾಯು ತುಂಬಿರುವುದರಿಂದ. ಗಂಡಿನ ಜೊತೆ ಕೂಡಿದ ಮೇಲೆ ರೆಕ್ಕೆ ಕಳಚಿ ಬೀಳುತ್ತದೆ. ಆ ಸ್ನಾಯು ಕರಗಿ ಮೊದಲ ಮರಿಗಳ ಹೊಟ್ಟೆ ತುಂಬುತ್ತದೆ. 1775ರಲ್ಲಿ ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಷಿಯಸ್ ಕೊಟ್ಟ ಸ್ಮರಾಗ್ಡಿನಾ ಎಂಬ ಹೆಸರಿನ ಅರ್ಥ ಪಚ್ಚೆಯಂಥದ್ದು ಅಂತ. ಆಸ್ಟ್ರೇಲಿಯಾದಲ್ಲಿ ಇದೇ ಜಾತಿಯ ಕೆಲಸಗಾರ ಇರುವೆಗಳ ಹೊಟ್ಟೆಯೂ ಹಸಿರು. ನಮ್ಮಲ್ಲಿ ಆ ಪಚ್ಚೆ ನೋಡಬೇಕೆಂದರೆ ರಾಣಿಯೇ ಸಿಗಬೇಕು.

ಗಂಡು ನಿಮಗೆ ಕಂಡಿರಲಿಕ್ಕಿಲ್ಲ. ಕಪ್ಪುಗಂದು ಬಣ್ಣ, ರೆಕ್ಕೆ, ಚಿಕ್ಕ ತಲೆ, ಬಡಕಲು ಮೈ. ಕೂಡಿದ ಮೇಲೆ ಸತ್ತುಹೋಗುತ್ತದೆ.

ಪ್ರಶ್ನೆ: ಗೂಡಲ್ಲಿ ಹಳೇ ರಾಣಿ ಇದ್ದಿದ್ದರೆ? ಈಗ ಏನು ಮಾಡಲಿ ಮೇಡಂ?

ಉತ್ತರ: ಮೊಟ್ಟೆ ಇಡುವ ರಾಣಿ ಸಾಮಾನ್ಯವಾಗಿ ಇಡೀ ಸಂಸಾರಕ್ಕೆ ಒಬ್ಬಳೇ. ಸಂಸಾರ ಮಾತ್ರ ಹಲವು ಗೂಡು, ಹಲವು ಮರಗಳಲ್ಲಿ ಹರಡಿರುತ್ತದೆ. ಹಾಗಾಗಿ ಬಿದ್ದ ಗೂಡಲ್ಲೇ ಅವಳಿದ್ದ ಸಾಧ್ಯತೆ ಕಡಿಮೆ. ದಯವಿಟ್ಟು ಸುಡಬೇಡಿ, ಔಷಧಿ ಹೊಡೆಯಬೇಡಿ. ಕೊಂಬೆಯನ್ನು ಉದ್ದನೆ ಕೋಲಲ್ಲಿ ತಳ್ಳಿ ಅದೇ ಮರದ ಬುಡಕ್ಕೆ ಆನಿಸಿ. ಮರಿಹುಳುಗಳನ್ನು ಕಚ್ಚಿಕೊಂಡು ಅವೇ ಮೇಲೆ ಹತ್ತುತ್ತವೆ. ಮಗಳಿಗೆ ದೂರದಿಂದ ತೋರಿಸಿ. ಹೊಸ ಗೂಡು ಹೊಲಿಯಲು ರೇಷ್ಮೆ ಕೊಡುವುದು ಆ ಮರಿಗಳೇ. ದೊಡ್ಡ ಇರುವೆ ಮರಿಯನ್ನು ದವಡೆಯಲ್ಲಿ ಹಿಡಿದು ಈ ಎಲೆಗೊಮ್ಮೆ, ಆ ಎಲೆಗೊಮ್ಮೆ ಮುಟ್ಟಿಸುತ್ತದೆ, ಥೇಟ್ ಲಾಳಿ ಓಡಿಸಿದ ಹಾಗೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮ ಗೇರು ಗಿಡದಲ್ಲೂ ಚಿಗಳಿ ಇದೆ. ಫೋಟೊ ಹಾಕಿದ್ದೇನೆ. ಇದು ತಲೆಯ ಮುಂದೆ ತನ್ನ ತಲೆಗಿಂತ ಉದ್ದದ ಏನನ್ನೋ ಹೊತ್ತುಕೊಂಡು ಒಂಟಿಯಾಗಿ ಓಡಾಡುತ್ತಿತ್ತು. ಇದೂ ಒಂದು ಬಗೆಯ ಕೆಲಸಗಾರ ಇರುವೆನಾ?

ಉತ್ತರ: ಎಂಥಾ ಒಳ್ಳೆ ಫೋಟೊ! ದೊಡ್ಡದು ಮಾಡಿ ಕಾಲು ಎಣಿಸಿ. ಎಂಟಿವೆ. ಮೀಸೆ ಇಲ್ಲ. ಮೀಸೆಯ ಥರ ಆಡಿಸುತ್ತಿದ್ದದ್ದು ಮುಂದಿನ ಜೋಡಿ ಕಾಲು. ಇದು ಚಿಗಳಿಯ ರೂಪ ತಾಳಿರುವ ಜಿಗಿಯುವ ಜೇಡ. ಹೊತ್ತಂತೆ ಕಂಡಿದ್ದು ಅದರದ್ದೇ ಉದ್ದದ ದವಡೆ, ಅದು ಗಂಡಿಗೆ ಮಾತ್ರ. ಆ ದವಡೆಯ ತುದಿಯಲ್ಲಿ ಎರಡು ಕಪ್ಪು ಚುಕ್ಕಿ ಕಾಣುತ್ತಿವೆಯಲ್ಲ, ಅವೂ ಇರುವೆಯ ಕಣ್ಣಿನ ಹಾಗೇ ಇವೆ. ನಿಜವಾದ ಕಣ್ಣು ಹಿಂದೆ ಇವೆ, ನಡುವಿನೆರಡು ದೀಪದ ಹಾಗೆ ದೊಡ್ಡವು.