ಪಂಚಾಯಿತಿಗೆ ವಿಪತ್ತು ಯೋಜನೆ: ಯಾರ ಹೊಣೆ? (ಓದುಗರ ಚರ್ಚೆ)

ಗುಡ್ಡದಮನೆ: 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಮೊದಲು ಓಡಿಬಂದವರು ಅಕ್ಕಪಕ್ಕದವರು. ಮಡಿಕೇರಿಯಲ್ಲಿ ಕೂತು ಬರೆದ ಯೋಜನೆ ಸಾಲದು, ಪ್ರತಿ ಗ್ರಾಮ ಪಂಚಾಯಿತಿಗೂ ತನ್ನದೇ ಯೋಜನೆ ಬೇಕು. ನಮ್ಮಲ್ಲಿ ಸಂತ್ರಸ್ತರು ತಂಗುವ ಕಾಳಜಿ ಕೇಂದ್ರವೆಂದು ಗುರುತಿಸಿರುವ ಶಾಲೆ ತೋಡಿನ ದಂಡೆಯಲ್ಲಿದೆ. ಪ್ರತಿ ಮಳೆಗಾಲ ಅದರ ಅಂಗಳಕ್ಕೇ ನೀರು ನುಗ್ಗುತ್ತದೆ.

ನಿವೃತ್ತ ಪಿಡಿಒ: ‘ತನ್ನದೇ ಯೋಜನೆ’ ಬರೆಯುವವರು ಯಾರು? ಉದ್ಯೋಗ ಖಾತರಿ, ಇ–ಸ್ವತ್ತು ಆಸ್ತಿ ದಾಖಲೆ, ತೆರಿಗೆ ವಸೂಲಿ, ಕುಡಿಯುವ ನೀರು ಎಲ್ಲವೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ತಲೆಯ ಮೇಲೆಯೇ. ವಿಪತ್ತು ಕಂದಾಯ ಇಲಾಖೆಯ ಕೆಲಸ.

ಕಾಯ್ದೆ ಓದುಗ: ಕಂದಾಯ ಇಲಾಖೆಯದು ಮಾತ್ರವೇ? ತಪ್ಪು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆಗಳೂ ಯೋಜನೆ ಸಿದ್ಧಪಡಿಸಬೇಕು. ಸಿಬ್ಬಂದಿಗೆ ತರಬೇತಿ ಕೊಡುವುದು, ಸಲಕರಣೆ ಸಜ್ಜಾಗಿಡುವುದು 41ನೇ ಸೆಕ್ಷನ್‌ನಲ್ಲಿದೆ.

ನಿವೃತ್ತ ಪಿಡಿಒ: 41ನೇ ಸೆಕ್ಷನ್ ಆರಂಭವಾಗುವುದೇ ‘ಜಿಲ್ಲಾ ಪ್ರಾಧಿಕಾರದ ನಿರ್ದೇಶನಗಳಿಗೆ ಒಳಪಟ್ಟು’ ಎಂದು. ಅದನ್ನೇಕೆ ನುಂಗಿದಿರಿ?

ಕಾಯ್ದೆ ಓದುಗ: ಜಿಲ್ಲಾ ಪ್ರಾಧಿಕಾರ, ಅಂದರೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವೆಂದರೆ ಜಿಲ್ಲಾಧಿಕಾರಿ ಒಬ್ಬರೇ ಅಲ್ಲ. 25ನೇ ಸೆಕ್ಷನ್ ನೋಡಿ, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಅದರ ಸಹ ಅಧ್ಯಕ್ಷರು.

ಘಟಪ್ರಭಾ ದಂಡೆ: ಯಾವ ಅಧ್ಯಕ್ಷರು ಸ್ವಾಮಿ? ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಖಾಲಿ ಕುರ್ಚಿಯನ್ನು ತೋರಿಸಿ ಕಾನೂನು ಹೇಳಬೇಡಿ.

ನಿವೃತ್ತ ಪಿಡಿಒ: 2019ರಲ್ಲಿ ಕುರ್ಚಿ ತುಂಬಿತ್ತಲ್ಲ? ಗೋಕಾಕ ಮುಳುಗಲಿಲ್ಲವೇ?

ಘಟಪ್ರಭಾ ದಂಡೆ: ಮುಳುಗಿದ್ದನ್ನು ನನಗೆ ನೆನಪಿಸುತ್ತೀರಾ? ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಎದೆಮಟ್ಟದ ಕೆಸರಿನ ಗೆರೆ ಇನ್ನೂ ಇದೆ! ಆಗ ಜಿಲ್ಲಾ ಪಂಚಾಯಿತಿ ಸದಸ್ಯರ ಮನೆ ಬಾಗಿಲಿಗೆ ಹೋಗಿ ಜಗಳ ತೆಗೆದೆವು, ಎರಡನೆಯ ದಿನ ದೋಣಿ ಬಂತು. ಚುನಾಯಿತರ ಜಾಗಕ್ಕೆ ಬಂದ ಆಡಳಿತಾಧಿಕಾರಿಯ ಮನೆ ಯಾವ ಊರಿನಲ್ಲಿದೆ ಎಂದು ಯಾರಿಗೆ ಗೊತ್ತು?

ಗುಡ್ಡದಮನೆ: ಚುನಾವಣೆಗೆ ಬೇರೆ ಚರ್ಚೆ ತೆರೆಯಿರಿ. ಶಾಲೆಯ ವಿಷಯಕ್ಕೆ ಒಬ್ಬರೂ ಉತ್ತರಿಸಿಲ್ಲ.

ಕಾಯ್ದೆ ಓದುಗ: ‘ಎರಡನೆಯ ದಿನ ದೋಣಿ’ ಎನ್ನುವುದೇ ನನ್ನ ವಾದಕ್ಕೆ ಸಾಕ್ಷಿ. ಜಗಳವಾಡಿ ದೋಣಿ ತರಿಸಿದರೆ ಅದು ಸಿದ್ಧತೆಯಲ್ಲ. ದೋಣಿ ಎಲ್ಲಿದೆ, ನಡೆಸುವವರು ಯಾರು ಎಂಬುದು ಜೂನ್‌ಗೆ ಮೊದಲೇ ಬರವಣಿಗೆಯಲ್ಲಿ ಇರಬೇಕು.

ಘಟಪ್ರಭಾ ದಂಡೆ: ಬರವಣಿಗೆ ನಿಮ್ಮ ಹತ್ತಿರವೇ ಇರಲಿ. ನನ್ನ ಎಮ್ಮೆಗಳನ್ನು ಬಿಚ್ಚಿ ಎತ್ತರಕ್ಕೆ ಅಟ್ಟಿದ್ದು ಓಣಿಯ ಹುಡುಗರು.

ನಿವೃತ್ತ ಪಿಡಿಒ: ನಾನೂ ಅದನ್ನೇ ಹೇಳುತ್ತಿರುವುದು. ಪಂಚಾಯಿತಿಯಿಂದ ಆಗುವ ಕೆಲಸವಲ್ಲ.

ಘಟಪ್ರಭಾ ದಂಡೆ: ನಾನು ಹಾಗೆ ಹೇಳಲೇ ಇಲ್ಲ! ಆ ಹುಡುಗರಿಗೆ ಹಗ್ಗ, ಟಾರ್ಚ್, ಜೀವರಕ್ಷಕ ಜಾಕೆಟ್ ಕೊಡಬೇಕಾದದ್ದು ಪಂಚಾಯಿತಿಯೇ. ಕೊಟ್ಟಿತೇ?

ನಿವೃತ್ತ ಪಿಡಿಒ: ಯಾವ ಅನುದಾನದಲ್ಲಿ? ಆದೇಶದ ಪ್ರತಿ ಹಾಕಿ, ಆಮೇಲೆ ಮಾತನಾಡೋಣ.