ಹಳೇ ಜೀನ್ಸ್ ಕತ್ತರಿಸಿ ಬ್ಲೀಚ್ ಶಾರ್ಟ್ಸ್ ಮಾಡೋದು ಹ್ಯಾಂಗ್ರಿ? ವಿನೆಗರ್ ಹಾಕ್ಬೇಕೋ ಬ್ಯಾಡೋ?

ತೊಗರಿ_ಹೊಲ
ನಮಸ್ಕಾರ್ರಿ ಎಲ್ಲಾರಿಗೂ, ನಾ ಕಲಬುರಗಿಯಾಕಿ. ಮನ್ಯಾಗ ಮೂರು ಹಳೇ ಜೀನ್ಸ್ ಅವ, ಮೊಣಕಾಲ ಹತ್ರ ಪುರಾ ತೆಳ್ಳಗಾಗ್ಯಾವ ಆದ್ರ ನಡು, ಕಿಸೆ ಎಲ್ಲಾ ಇನ್ನಾ ಗಟ್ಟಿ ಅದ, ಒಗದು ಬಿಡ್ಲಾಕ ಮನಸ ಬರವಲ್ದು. ಈ ಬ್ಯಾಸಗಿಗಿ ಶಾರ್ಟ್ಸ್ ಮಾಡಿ ಮ್ಯಾಲ ನೀಲಿ ಕೆಳಗ ಬಿಳಿ ಬರೋ ಹಂಗ ಬ್ಲೀಚ್ ಮಾಡ್ಬೇಕಂತ ಮಾಡೀನಿ. ಒಂದು ದಪ್ಪನ್ನ ನೀಲಿ, ಒಂದು ಎಳದ್ರ ಜಗ್ಗೋದು, ಇನ್ನೊಂದು ಕರೀದು. ಅಂಗಡ್ಯಾಗ ಬಾಟ್ಲಿ ಬ್ಲೀಚೂ ಸಿಗ್ತದ ಬ್ಲೀಚಿಂಗ್ ಪೌಡರೂ ಸಿಗ್ತದ, ಯಾವ್ದು ತಗೋಬೇಕು, ನೀರು ಎಷ್ಟು, ಎಷ್ಟೊತ್ತು ಇಡ್ಬೇಕು? ಮತ್ತ ಒಂದು ವಿಡಿಯೋದಾಗ ಬ್ಲೀಚ್ ಆದ ಕೂಡ್ಲೆ ವಿನೆಗರ್ ನೀರಾಗ ಅದ್ದಿದ್ರ ಬಣ್ಣ ಅಲ್ಲಿಗೇ ನಿಲ್ತದ ಅಂದಾರ, ಇದು ಖರೇನಾ?

ವಾಶಿಂಗ್_ಕೆಲಸ
ಅಕ್ಕಾರ, ಮೊದ್ಲು ವಿನೆಗರ್ ಮಾತು. ಬ್ಯಾಡ್ರಿ. ಬಾಟ್ಲಿ ಬ್ಲೀಚ್ ಅಂದ್ರ ಸೋಡಿಯಂ ಹೈಪೋಕ್ಲೋರೈಟ್, ಅದಕ್ಕ ವಿನೆಗರ್ ಆಗ್ಲಿ, ನಿಂಬಿಹುಳಿ ಆಗ್ಲಿ, ಸಂಡಾಸ ತೊಳಿಯೋ ಆ್ಯಸಿಡ್ ಆಗ್ಲಿ ಕೂಡ್ತಂದ್ರ ಕ್ಲೋರಿನ್ ಗ್ಯಾಸ್ ಏಳ್ತದ, ಕಣ್ಣು ಗಂಟಲು ಉರೀತಾವ, ಉಸರಾಟಕ್ಕೇ ತ್ರಾಸ ಆಗ್ತದ. ನಮ್ಮ ಕಡಿ ಬಚ್ಚಲದ ಶಾಬಾದಿ ಫರ್ಸಿ ಮ್ಯಾಲಿನ ಕಲೆ ಹೋಗ್ಲಿ ಅಂತ ಆ್ಯಸಿಡ್ ಸುರೀತಾರ ನೋಡ್ರಿ, ಆ ಕಲ್ಲು ಸುಣ್ಣದ ಕಲ್ಲು, ಆ್ಯಸಿಡ್‌ಗೆ ಅದೂ ಕೆಡ್ತದ, ಅದೇ ಹಸಿ ನೆಲದ ಮ್ಯಾಲ ನಿಮ್ಮ ಬ್ಲೀಚ್ ಬಕೀಟ್ ಉಳ್ಳಿತು ಅಂದ್ರೂ ಅದೇ ಗ್ಯಾಸ್. ಅದಕ್ಕ ಬಚ್ಚಲದಾಗ ಮಾಡ್ಲೇ ಬ್ಯಾಡ್ರಿ, ಮಾಳಿಗಿ ಮ್ಯಾಲ ನೆರಳಿದ್ದ ಕಡಿ ಮಾಡ್ರಿ, ಕೈಗೆ ರಬ್ಬರ್ ಗ್ಲೌಸ್ ಇರ್ಲಿ, ಬಕೀಟ್ ಪ್ಲಾಸ್ಟಿಕ್‌ದೇ ಇರ್ಲಿ.

ಬ್ಲೀಚ್ ನಿಲ್ಲಸ್ಲಾಕ ಬ್ಯಾರೆ ದಾರಿ ಅದ. ಮೊದ್ಲು ತಣ್ಣೀರಾಗ ಎರಡು ಮೂರು ಸಲ ಛಲೋ ಜಾಲಾಡಸ್ರಿ, ಆಮ್ಯಾಲ ಹೈಪೋ ಕರಗಿಸಿದ ನೀರಾಗ ಹತ್ತು ನಿಮಿಷ ಬಿಡ್ರಿ. ಹೈಪೋ ಅಂದ್ರ ಸೋಡಿಯಂ ಥಯೋಸಲ್ಫೇಟ್, ಮೀನು ಮಾರೋ ಅಕ್ವೇರಿಯಂ ಅಂಗಡ್ಯಾಗ ಆಂಟಿ ಕ್ಲೋರಿನ್ ಅಂತ ಕೇಳಿದ್ರ ಕೊಡ್ತಾರ. ಅದು ಸಿಗ್ಲಿಲ್ಲಂದ್ರ ಮೆಡಿಕಲ್‌ದಾಗಿನ ಹೈಡ್ರೋಜನ್ ಪೆರಾಕ್ಸೈಡ್, ಒಂದು ಪಾಲಿಗೆ ಹತ್ತು ಪಾಲು ನೀರು. ನಾ ಬಳ್ಳಾರಿಯಾಗ ಜೀನ್ಸ್ ವಾಶಿಂಗ್ ಯುನಿಟ್‌ನಾಗ ಕೆಲಸ ಮಾಡ್ದವ, ಅಲ್ಲಿ ತೊಡಿ ಮ್ಯಾಲ ಬಿಳಿ ಬರ್ಲಿ ಅಂತ ಪೊಟ್ಯಾಶಿಯಂ ಪರ್ಮ್ಯಾಂಗನೇಟ್ ಸ್ಪ್ರೇ ಹೊಡೀತಾರ, ಅದು ಒಣಗಿ ಕಂದು ಬಣ್ಣ ಆಗ್ತದ, ಮೆಟಾಬೈಸಲ್ಫೈಟ್ ನೀರಾಗ ತೊಳದಾಗಷ್ಟೇ ಕೆಳಗಿನ ಬಿಳಿ ಕಾಣ್ತದ. ಅಲ್ಲಿ ಸುದ್ದಾ ಬಣ್ಣ ತೆಗಿಯೋದು ಅರ್ಧ ಕೆಲಸ, ನಿಲ್ಲಸೋದೇ ಉಳಿದರ್ಧ. ನಿಲ್ಲಸ್ಲಿಲ್ಲಂದ್ರ ಅರಿವಿ ಒಳಗೊಳಗೇ ಸೊರಗಿ ಒಂದಿನ ಪರ್ ಅಂತ ಹರೀತದ.

ಯಾವ ಪ್ಯಾಂಟ್ ಅಂದ್ರ ಒಳಗಿನ ಲೇಬಲ್ ನೋಡ್ರಿ. 100% ಕಾಟನ್ ಇದ್ರ ಬೇಧಡಕ್ ಮಾಡ್ರಿ. ಜಗ್ಗೋದ್ರಾಗ ಎಲಾಸ್ಟೇನ್, ಅಂದ್ರ ರಬ್ಬರಿನಂಗ ಜಗ್ಗೋ ಎಳಿ, 2% ಇದ್ರೂ ಕ್ಲೋರಿನ್ ಅದನ್ನ ತಿಂದು ಬಿಡ್ತದ, ತೊಡಿ ಮ್ಯಾಲ ಜೋತು ಬೀಳ್ತದ, ಅದನ್ನ ಬರೇ ಕತ್ತರಿಸಿ ಹಾಕೋರಿ. ಕರೀದು ಬಿಳಿ ಆಗಂಗಿಲ್ಲ, ಹೆಚ್ಚಿನವಕ್ಕ ಸಲ್ಫರ್ ಕಪ್ಪು ಅನ್ನೋ ಬಣ್ಣ ಹಾಕಿರ್ತಾರ, ಅದು, ಇಟ್ಟಂಗಿ ಬಣ್ಣಕ್ಕ ತಿರಗ್ತದ. ಆ ಬಣ್ಣ ಬೇಕಂದ್ರ ಮಾಡ್ರಿ, ಚಂದನೇ ಕಾಣ್ತದ.

ಪೌಡರ್ ಬ್ಯಾಡ, ಕರಗದೇ ಉಳಿದ ಕಾಳು ಕುಂತಲ್ಲೇ ತೂತು ಬೀಳ್ತದ. ಬಾಟ್ಲಿ ಬ್ಲೀಚ್ ಒಂದು ಪಾಲು, ತಣ್ಣೀರು ಎರಡು ಪಾಲು. ನಮ್ಮ ಬ್ಯಾಸಗಿ ಬಿಸಿಗಿ ಕೆಲಸ ಭಾಳ ಲಗೂ ಆಗ್ತದ, ಐದೈದು ನಿಮಿಷಕ್ಕೊಮ್ಮೆ ಎತ್ತಿ ನೋಡ್ರಿ, ಅರ್ಧ ತಾಸಿಗಿಂತ ಹೆಚ್ಚು ಇಡಬ್ಯಾಡ್ರಿ. ಹಸಿ ಜೀನ್ಸ್ ಯಾವಾಗ್ಲೂ ದಟ್ಟ ಕಾಣ್ತದ, ಒಣಗಿದ್ರ ಇನ್ನಾ ತಿಳಿ ಆಗ್ತದ, ಹಿಂಗಾಗಿ ಜರಾ ಮೊದ್ಲೇ ತೆಗೀರಿ.

ಹೊಲಿಗಿ_ಮಿಷನ್
ನೋಡವಾ, ಬ್ಲೀಚ್‌ಕಿಂತ ಮೊದ್ಲು ಕತ್ತರಿ ಕೆಲಸ. ಪ್ಯಾಂಟ್ ಹಾಕ್ಕೊಂಡು ಕುರ್ಚಿ ಮ್ಯಾಲ ಕುಂತು ಚಾಕ್‌ಪೀಸ್‌ಲೇ ಗುರ್ತು ಮಾಡು, ನಿಂತು ಮಾಡಿದ್ರ ಸಾಲಂಗಿಲ್ಲ, ಕುಂತಾಗ ಅರಿವಿ ಮ್ಯಾಲ ಏರ್ತದ. ಗುರ್ತಿಗಿಂತ ಎರಡು ಇಂಚು ಕೆಳಗ ಕತ್ತರಿಸು. ಕುಚ್ಚು ಬೇಕಂದ್ರ ಅಂಚಿನ್ಯಾಗ ಸೂಜಿ ಹಾಕಿ ಅಡ್ಡ ಎಳಿ ಒಂದೊಂದೇ ಜಗ್ಗು. ಜೀನ್ಸ್‌ನಾಗ ಹಾಸಿನ (ಉದ್ದದ) ಎಳಿ ನೀಲಿ, ಹೊಕ್ಕಿನ (ಅಡ್ಡದ) ಎಳಿ ಬಿಳಿ, ಬಿಳೀವು ಬಂದು ಬಿಡ್ತಾವ, ನೀಲೀವು ಕೆಳಗ ಜೋತಾಡ್ತಾವ. ನೀಲಿ ಎಳಿ ಒಂದು ಮುರದು ನೋಡು, ನಡಬರಕ ಬೆಳ್ಳಗ ಇರ್ತದ, ಬಣ್ಣ ಹೊರಗ ಅಷ್ಟೇ ಹತ್ತಿರ್ತದ, ಅದಕ್ಕೇ ಬ್ಲೀಚ್‌ನಾಗ ಹಾಕಿದಾಗ ಕುಚ್ಚು ಮೊದ್ಲು ಬಿಳಿ ಆಗ್ತದ. ಅರ್ಧ ಇಂಚು ಕುಚ್ಚು ಆತಂದ್ರ ಅದರ ಮ್ಯಾಲ ಸುತ್ತಲೂ ಒಂದು ಹೊಲಿಗಿ ಹೊಡಿ, ಇಲ್ಲಾಂದ್ರ ತೊಳದಾಗೊಮ್ಮೆ ಬಿಚ್ಚಿಕೋತ ಮ್ಯಾಲ ಹೋಗ್ತದ. ಜೀನ್ಸ್ ಸೂಜಿ ಹಾಕು, 16 ನಂಬರ್.

ಬೀದರ್_ಕುಂಚ
ನಾ ಬೀದರ್‌ನಿಂದ ಬರೀಲತ್ತೀನಿ. ನಿಮ್ಮ ದಪ್ಪ ನೀಲಿ ಪ್ಯಾಂಟಿನ ಹಿಂದಿನ ಕಿಸೆ ಬ್ಲೀಚ್‌ನಾಗ ಅದ್ದಬ್ಯಾಡ್ರಿ, ಅಲ್ಲಿ ಬಿದ್ರಿ ಬಳ್ಳಿ ಹೂವು ಬರೀರಿ. ಬಿದ್ರಿ ಕೆಲಸದ ಹೂಜಿ ಮ್ಯಾಲ ಕರೀದ್ರಾಗ ಬೆಳ್ಳಿ ಗೆರಿ ಎದ್ದು ಕಾಣ್ತದಲ್ಲ, ನೀಲಿ ಮ್ಯಾಲ ಬ್ಲೀಚ್ ಗೆರಿ ಹಂಗೇ ಕಾಣ್ತದ. ನೈಲಾನ್ ಬ್ರಶ್ಶೇ ಬೇಕು, ಕೂದಲಿನ ಬ್ರಶ್ ಬ್ಲೀಚ್‌ನಾಗ ಕರಗಿ ಹೋಗ್ತದ. ಅರಿವಿ ಪುರಾ ಒಣಗಿರ್ಬೇಕು, ಹಸಿ ಇದ್ರ ಗೆರಿ ಹರಡ್ತದ. ಕಿಸೆ ಒಳಗ ಪ್ಲಾಸ್ಟಿಕ್ ಹಾಳಿ ತುರಕ್ರಿ, ಇಲ್ಲಾಂದ್ರ ಹಿಂದಿನ ಪದರಕ್ಕೂ ಇಳೀತದ.

ತೊಗರಿ_ಹೊಲ
ಎಲ್ಲಾರಿಗೂ ಭಾಳ ಧನ್ಯವಾದ್ರಿ, ವಿನೆಗರ್ ಬಾಟ್ಲಿ ಅಡಗಿ ಮನಿಗೇ ವಾಪಸ್ ಇಟ್ಟೆ. ಲೇಬಲ್ ನೋಡ್ದೆ, ನೀಲೀದು 100% ಕಾಟನ್ನೇ ಅದ. ಇನ್ನೊಂದು, ಗುಂಡಿ ಮತ್ತ ಕಿಸೆ ಮೂಲಿಗಿರೋ ತಾಮ್ರದ ಮೊಳಿ ಕೆಡ್ತಾವೇನ್ರಿ?

ವಾಶಿಂಗ್_ಕೆಲಸ
ಕೆಡ್ತಾವ್ರಿ, ಕಪ್ಪಾಗ್ತಾವ, ಸುತ್ತ ಅರಿವಿಗೂ ಕಲೆ ಬೀಳ್ತದ. ನಿಮ್ಗ ಕೆಳಗಷ್ಟೇ ಬಿಳಿ ಬೇಕಲ್ಲ, ನಡಪಟ್ಟಿಗಿ ಕ್ಲಿಪ್ಪಿನ ಹ್ಯಾಂಗರ್ ಹಾಕಿ ಹಗ್ಗಕ್ಕ ಜೋತ್ ಬಿಡ್ರಿ, ಕೆಳಗ ಬಕೀಟ್ ಇಡ್ರಿ. ಅಂಚಷ್ಟೇ ಮುಣಗಲಿ. ಸುಮ್ನ ಒಂದೇ ಎತ್ತರಕ್ಕ ಬಿಡಬ್ಯಾಡ್ರಿ, ಎರಡು ಮೂರು ನಿಮಿಷಕ್ಕೊಮ್ಮೆ ಜರಾ ಮ್ಯಾಲ ಕೆಳಗ ಆಡಸ್ರಿ, ಇಲ್ಲಾಂದ್ರ ಬಿಳಿ ನೀಲಿ ನಡುವ ಗೆರಿ ಕೊರದಂಗ ಕುಂದರ್ತದ. ಉಳದ ಬ್ಲೀಚ್ ನೀರು ತುಳಸಿ ಕುಂಡಿಗಿ ಹಾಕಬ್ಯಾಡ್ರಿ, ಭಾಳ ನೀರು ಕೂಡ್ಸಿ ಮೋರಿಗಿ ಬಿಡ್ರಿ.