ಬಾಲಿ ಈಗ್ಲೂ ಅಗ್ಗನಾ? ಹೋಗ್ಬಂದೋರು ಹೇಳಿ

ಗೋಣಿಕೊಪ್ಪದಿಂದ ಕೇಳ್ತಿರೋದು:
ಈ ಸಲ ಕಾಫಿ ರೇಟ್ ಪರವಾಗಿಲ್ಲ ಅಂತ ಆದ್ಮೇಲೆ ಮನೇಲಿ ಬಾಲಿ ಬಾಲಿ ಅಂತ ಒಂದೇ ಜಪ. ನಾವಿಬ್ರು, ಮಕ್ಕಳಿಬ್ರು, ಏಳು ದಿನ. ನಮ್ ಭಾವ 2017ರಲ್ಲಿ ಹೋಗ್ಬಂದೋರು, ಗೋವಾಕ್ಕಿಂತ ಅಗ್ಗ ಕಣೋ, ಕಣ್ಮುಚ್ಕೊಂಡು ಹೋಗು ಅಂತಾರೆ, ಟ್ರಾವೆಲ್ಸ್‌ನೋರು ಕೊಟ್ಟಿರೋ ಲೆಕ್ಕ ನೋಡಿದ್ರೆ ರಾತ್ರಿ ಕಣ್ಣೇ ಮುಚ್ತಿಲ್ಲ. ದುಡ್ಡು ಎಲ್ಲಿ ಹೋಗತ್ತೆ ಅಂತ ಸ್ವಲ್ಪ ಬಿಡಿಸಿ ಹೇಳಿ.

ವಿರಾಜಪೇಟೆ:
ಸರ್, ನಾವು 2018ರಲ್ಲಿ ಮದ್ವೆ ಆದ ಹೊಸದ್ರಲ್ಲಿ ಒಂದ್ಸಲ, ಹೋದ ವರ್ಷ ಮಕ್ಕಳ ಜೊತೆ ಇನ್ನೊಂದ್ಸಲ ಹೋಗಿದ್ವಿ. ನಿಮ್ ಭಾವ ಸುಳ್ಳು ಹೇಳ್ತಿಲ್ಲ, ಲೆಕ್ಕ ಹಳೇದು ಅಷ್ಟೆ. ಆಗ ನಮಗೆ ವೀಸಾಕ್ಕೆ ದುಡ್ಡೇ ಇರ್ಲಿಲ್ಲ, ಸೀಲ್ ಹಾಕಿಸ್ಕೊಂಡು ಆಚೆ ಬಂದ್ವಿ. 2020ರಲ್ಲಿ ಕೋವಿಡ್ ಟೈಮಲ್ಲಿ ಅದನ್ನ ನಿಲ್ಸಿದ್ರು, ಮತ್ತೆ ನಮಗೆ ಕೊಡ್ಲಿಲ್ಲ. ಈ ಸಲ ನಾವು ಕಟ್ಟಿದ್ದು ತಲೆಗೆ 5 ಲಕ್ಷ ರುಪಿಯಾ (ಗಾಬರಿ ಬೇಡ, ಅವರ ದುಡ್ಡು), ಅದರ ಮೇಲೆ 2024ರ ಫೆಬ್ರವರಿ 14ರಿಂದ ಶುರುವಾದ ಬಾಲಿ ಟೂರಿಸ್ಟ್ ತೆರಿಗೆ ಒಂದೂವರೆ ಲಕ್ಷ. ಮಕ್ಕಳಿಗೂ ಅಷ್ಟೇ, ಹಾಫ್ ಟಿಕೆಟ್ ಅನ್ನೋದಿಲ್ಲ. ನಾಲ್ಕು ಜನಕ್ಕೆ 26 ಲಕ್ಷ, ನಮ್ ದುಡ್ಡಲ್ಲಿ ಹತ್ತತ್ರ 14 ಸಾವಿರ, ಇನ್ನೂ ಏರ್‌ಪೋರ್ಟಿಂದ ಹೊರಗೇ ಬಂದಿಲ್ಲ ನೀವು. 2018ರಲ್ಲಿ ನಮ್ ಒಂದು ರೂಪಾಯಿಗೆ 200ರ ಮೇಲೆ ಸಿಗ್ತಿತ್ತು, ಈ ಸಲ 190 ಕೂಡ ದಾಟ್ಲಿಲ್ಲ, ಅಂದ್ರೆ ಅಲ್ಲಿ ರೇಟ್ ಏರಿದ್ದು ಒಂದ್ಕಡೆ, ನಮ್ ರೂಪಾಯಿ ಇಳಿದಿದ್ದು ಇನ್ನೊಂದ್ಕಡೆ.

ಆಮೇಲೆ ಮೆನು ಕಾರ್ಡಲ್ಲಿ ರೇಟ್ ಪಕ್ಕ ಸಣ್ಣದಾಗಿ ಎರಡು ಪ್ಲಸ್ ಗುರುತು ಇರತ್ತೆ ನೋಡಿ, ಅದನ್ನ ನಾವು ಮೊದಲ ದಿನ ಗಮನಿಸ್ಲೇ ಇಲ್ಲ. 10 ಪರ್ಸೆಂಟ್ ಟ್ಯಾಕ್ಸು, ಅದರ ಮೇಲೆ ಸರ್ವಿಸ್ ಚಾರ್ಜು, ಎರಡೂ ಸೇರಿ 21ರ ತನಕ ಹೋಗತ್ತೆ. ಚಂಗೂ ಕಡೆ ಒಂದು ಕೆಫೆಲಿ ನಾಲ್ಕು ಜನ ತಿಂಡಿ ತಿಂದು ಬಿಲ್ ನೋಡಿ ನಮ್ಮನೆಯವರು ಕಾಫಿ ಲೋಟ ಕೆಳಗಿಡೋದೇ ಮರೆತ್ರು. ಮೊದಲ ಸಲ ಹೋದಾಗ ಅಲ್ಲಿ ಇನ್ನೂ ಎಷ್ಟೋ ಗದ್ದೆ ಇತ್ತು, ಈಗ ಗದ್ದೆ ಹುಡುಕ್ಬೇಕು.

ಹಂಗಂತ ಎಲ್ಲಾ ಕಡೆ ದುಬಾರಿ ಅಲ್ಲ. ನಮ್ ಡ್ರೈವರ್ ಊಟಕ್ಕೆ ಹೋಗೋ ವಾರುಂಗ್‌ಗೆ (ನಮ್ ಮೆಸ್ ಇದ್ದ ಹಾಗೆ) ನಮ್ಮನ್ನೂ ಕರ್ಕೊಂಡ್ ಹೋಗಪ್ಪ ಅಂದೆ. ಗಾಜಿನ ಬೀರುಲಿ ಪಲ್ಯ, ಮೀನು, ಕೋಳಿ ಎಲ್ಲಾ ಬಟ್ಟಲಲ್ಲಿ ಇಟ್ಟಿರ್ತಾರೆ, ಕೈ ತೋರ್ಸಿದ್ದನ್ನ ಅನ್ನದ ಮೇಲೆ ಹಾಕ್ತಾರೆ, ನಾಸಿ ಚಂಪುರ್ ಅಂತಾರೆ. ತಲೆಗೆ 35 ಸಾವಿರ ರುಪಿಯಾ, ಅಂದ್ರೆ 200 ರೂಪಾಯಿ ಒಳಗೇ ಮುಗೀತು. ಆಮೇಲೆ ದಿನಾ ಮಧ್ಯಾಹ್ನ ಅಂಥ ಕಡೇನೇ. ಉಳ್ಕೊಳ್ಳೋದಕ್ಕೂ ಉಬುದ್ ಊರೊಳಗೆ ಬೇಡ, ಸ್ವಲ್ಪ ಆಚೆ ಹಳ್ಳಿ ಕಡೆ ಮನೆಯವರೇ ನಡೆಸೋ ರೂಮ್ ಹಿಡೀರಿ.

ಕಿಂತಾಮಣಿ ಬಿಡ್ಬೇಡಿ (ನಮ್ ಚಿಂತಾಮಣಿ ಅಲ್ಲ). ಅರೇಬಿಕಾ ಗಿಡದ ಮಧ್ಯೆ ಕಿತ್ತಳೆ, ಥೇಟ್ ನಮ್ ಅಜ್ಜನ ಕಾಲದ ತೋಟ. ಆದ್ರೆ ದಾರೀಲಿ ಲುವಾಕ್ ಕಾಫಿ (ಪುನುಗು ಬೆಕ್ಕು ಹಣ್ಣು ತಿಂದು ಹಾಕೋ ಹಿಕ್ಕೆಲಿರೋ ಬೀಜದ್ದು) ಅಂತ ಬೋರ್ಡ್ ಇರೋ ಕಡೆ ಕಾರ್ ನಿಲ್ಸಿದ್ರೆ ಹುಷಾರು. ಬೇರೆ ಕಾಫಿ, ಟೀ ಎಲ್ಲಾ ಸಣ್ಣ ಸಣ್ಣ ಕಪ್ಪಲ್ಲಿ ಫ್ರೀ ಕುಡಿಸ್ತಾರೆ, ಪುನುಗು ಬೆಕ್ಕಿನ ಕಾಫಿಗೆ ಮಾತ್ರ ಬೇರೆ ದುಡ್ಡು, ಹೊರಗೆ ಬರೋ ದಾರೀಲೇ ಅಂಗಡಿ. ಬೆಕ್ಕನ್ನ ಬೋನಲ್ಲಿ ಇಟ್ಟಿದ್ದು ನೋಡಿ ನನಗಂತೂ ಕುಡಿಯೋ ಮನಸ್ಸೇ ಬರ್ಲಿಲ್ಲ, ನಮ್ ತೋಟದ ಚರಂಡಿ ಪಕ್ಕ ಬಿದ್ದಿರೋದಕ್ಕೆ ಯಾರು ದುಡ್ಡು ಕೊಡ್ತಾರೆ ಹೇಳಿ.

ಕುಶಾಲನಗರ:
ದುಡ್ಡು ಬದಲಾಯಿಸೋವಾಗ ಜಾಗ್ರತೆ. ಕುಟಾದಲ್ಲಿ ಒಂದು ಗಲ್ಲಿ ಅಂಗಡಿಲಿ ಎಲ್ಲರಿಗಿಂತ ಜಾಸ್ತಿ ರೇಟ್ ಬರ್ದಿದ್ರು, ಆಸೆಗೆ ಬಿದ್ದೆ. ಕಣ್ಮುಂದೇನೇ ಎಣಿಸ್ದ, ನಾನೂ ಎಣಿಸ್ದೆ, ಸರಿ ಇತ್ತು. ಇರಿ ಸರ್ ಒಂದ್ಸಲ ಜೋಡಿಸ್ಕೊಡ್ತೀನಿ ಅಂತ ಕಂತೆ ವಾಪಸ್ ತಗೊಂಡು ಟೇಬಲ್ ಮೇಲೆ ಟಪ್ ಟಪ್ ಅಂತ ಕುಟ್ಟಿ ಕೊಟ್ಟ. ರೂಮಿಗೆ ಬಂದು ನೋಡಿದ್ರೆ ಲಕ್ಷದ ನೋಟು ನಾಲ್ಕು ಕಮ್ಮಿ. ಕೊನೇಲಿ ಎಣಿಸ್ಬೇಕಾಗಿದ್ದು ನೀವು, ಆಮೇಲೆ ಅವರ ಕೈಗೆ ಕೊಡ್ಲೇಬಾರ್ದು. ಅದಾದ್ಮೇಲೆ ಬ್ಯಾಂಕ್ ಎಟಿಎಂ ಬಿಟ್ಟು ಎಲ್ಲೂ ಹೋಗ್ಲಿಲ್ಲ.

ಮಡಿಕೇರಿ:
ಹೋಂಸ್ಟೇ ನಡೆಸೋನು ನಾನು, ಬೈಬೇಡಿ. ಲಾಂಗ್ ವೀಕೆಂಡ್ ಬಂದ್ರೆ ನಾವೂ ರೂಮ್ ರೇಟ್ ಡಬಲ್ ಮಾಡ್ತೀವಲ್ಲ, ಬೆಂಗಳೂರಿನೋರು ಕೂರ್ಗ್ ಮೊದಲಿನ ಹಾಗಿಲ್ಲ ಅಂತ ಗೊಣಗ್ತಾರಲ್ಲ, ಅಲ್ಲಿ ಹೋಗಿ ನಾನೂ ಹಂಗೇ ಗೊಣಗ್ತಿದ್ದೆ 😄

ಪೊನ್ನಂಪೇಟೆ:
ಯಾವಾಗ ಹೋಗ್ತೀರಿ ಅನ್ನೋದೇ ಮುಖ್ಯ. ಇಲ್ಲಿ ಕಕ್ಕಡದ ಮಳೆ ಸುರೀವಾಗ ಅಲ್ಲಿ ಒಳ್ಳೆ ಬಿಸಿಲು, ಆದ್ರೆ ಜುಲೈ-ಆಗಸ್ಟ್ ಅವರ ಸೀಸನ್, ರೂಮ್ ಮುಟ್ಟಕ್ಕಾಗಲ್ಲ. ಕೊಯ್ಲು ಮುಗಿಸಿ ಮಾರ್ಚಲ್ಲಿ ಹೋಗೋದಾದ್ರೆ ನ್ಯೆಪಿ (ಅವರ ಮೌನದ ಹಬ್ಬ) ಯಾವತ್ತು ಅಂತ ಮೊದ್ಲೇ ನೋಡ್ಕೊಳ್ಳಿ, ಅವತ್ತು ಇಡೀ ದಿನ ಏರ್‌ಪೋರ್ಟೇ ಬಂದ್, ರಸ್ತೆಗೂ ಇಳಿಯೋ ಹಾಗಿಲ್ಲ. ಕಾಫಿ ಹೂ ಅರಳಿಸೋ ಮಳೆ ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಬಿಟ್ಟು ನೀವೂ ಹೊರಡಕ್ಕಾಗಲ್ಲ ಬಿಡಿ. ಮಡಿಕೇರಿ ದಸರಾ ತಪ್ಪತ್ತೆ ಅಂತ ಮಕ್ಕಳು ಗಲಾಟೆ ಮಾಡ್ದಿದ್ರೆ ದಸರಾ ರಜೆಯೇ ಬೆಸ್ಟು. ಕಣ್ಣೂರು ಹತ್ರ ಅಂತ ಅಲ್ಲಿ ಹುಡುಕ್ಬೇಡಿ, ಬೆಂಗಳೂರಿಂದ 2024ರಲ್ಲಿ ಇಂಡಿಗೋ ನೇರ ವಿಮಾನ ಶುರು ಮಾಡ್ತು, ಕೌಲಾಲಂಪುರ ಸುತ್ತಿ ಬರೋದರ ಜೊತೆ ಹೋಲ್ಸಿ ನೋಡಿ. ಪಂದಿ ಇಷ್ಟ ಇದ್ರೆ ಬಾಬಿ ಗುಲಿಂಗ್ ತಿನ್ನಿ, ಇಡೀ ಹಂದಿ ಸುಟ್ಟಿರ್ತಾರೆ, ಚರ್ಮ ಹಪ್ಪಳದ ಹಾಗೆ. ಕಾಚಂಪುಳಿ (ನಮ್ ಪಂದಿ ಕರಿಗೆ ಹಾಕೋ ಹುಳಿ) ಇಲ್ಲ ಅನ್ನೋದೊಂದೇ ಕೊರತೆ.

ಗೋಣಿಕೊಪ್ಪ:
ಎಲ್ರಿಗೂ ಥ್ಯಾಂಕ್ಸ್, ಅಕ್ಟೋಬರ್‌ಗೆ ನೋಡ್ತಿದೀನಿ. ಇದನ್ನೆಲ್ಲಾ ಭಾವನಿಗೆ ಓದಿ ಹೇಳ್ದೆ. ನಾನೂ ಬರ್ತೀನಿ, ಆದ್ರೆ ದುಡ್ಡು 2017ರ ರೇಟಲ್ಲೇ ಕೊಡೋದು ಅಂತಿದಾರೆ.